2.6ರ ಗುಟ್ಟು: ಸೊಲ್ಲಾಪುರದ ಮೋಡ, ಜಮಖಂಡಿಯ ಹಳದಿ ಗೆರೆ

ನಮ್ಮ ನೆತ್ತಿಯ ಮೇಲೆಯೇ ನಡೆದ ಕೆಲಸ ಇದು! 2018 ಮತ್ತು 2019ರ ಮಳೆಗಾಲದಲ್ಲಿ ಹನ್ನೂರ, ಅಕ್ಕಲಕೋಟದ ಕಡೆಯ ರೈತರು ಎಂದಿನಂತೆ ಕತ್ತೆತ್ತಿ ಮುಗಿಲು ನೋಡುತ್ತಿದ್ದಾಗ, ಸೊಲ್ಲಾಪುರದ ಸುತ್ತಲಿನ ಅದೇ ಮುಗಿಲಿನಲ್ಲಿ ಎರಡು ವಿಮಾನಗಳು ಮೋಡಗಳ ಬೆನ್ನು ಹತ್ತಿದ್ದವು. ಒಂದು ಮೋಡದ ತಳಕ್ಕೆ ಹೋಗಿ ಕ್ಯಾಲ್ಸಿಯಂ ಕ್ಲೋರೈಡ್ ಪುಡಿಯ ಹೊಗೆ ಬಿಡುವ ವಿಮಾನ. ಇನ್ನೊಂದು, ಮೋಡದೊಳಗೆ ಏನೇನು ಬದಲಾಯಿತು ಎಂದು ಅಳೆಯುವ ವಿಮಾನ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2009ರಲ್ಲಿ ಶುರು ಮಾಡಿದ ‘ಕೈಪೀಕ್ಸ್’ ಎಂಬ ದೊಡ್ಡ ಪ್ರಯೋಗದ ನಾಲ್ಕನೆಯ ಹಂತ ಅದು. ಮುಂದೆ ನಿಂತವರು ವಿಜ್ಞಾನಿ ತಾರಾ ಪ್ರಭಾಕರನ್. ಆರಿಸಿಕೊಂಡ ಮೋಡಗಳು 276. ಅವುಗಳಲ್ಲಿ ಕೆಲವಕ್ಕೆ ಈ ಹೊಗೆಯ ಬಿತ್ತನೆ ಮಾಡಿದರು, ಉಳಿದವನ್ನು ಮುಟ್ಟದೆ ಬಿಟ್ಟು ಸುಮ್ಮನೆ ನೋಡಿದರು.

2023ರಲ್ಲಿ ಅಮೆರಿಕದ ಹವಾಮಾನ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ಬಿತ್ತಿದ ಜಾಗದಿಂದ ಗಾಳಿ ಬೀಸುವ ದಿಕ್ಕಿನಲ್ಲಿ, 100 ಚದರ ಕಿಲೋಮೀಟರ್ ನೆಲದ ಮೇಲೆ, ಸರಾಸರಿ ಶೇ 18ರಷ್ಟು ಹೆಚ್ಚು ಮಳೆ. ಅದರ ಪಕ್ಕದಲ್ಲೇ ಒಂದು ಪುಟ್ಟ ಬಾಲ: ಹೆಚ್ಚು ಕಡಿಮೆ 2.6.

18 ಎಲ್ಲರ ಬಾಯಲ್ಲೂ ಓಡಾಡಿತು. ನನ್ನ ಕಣ್ಣು ಮಾತ್ರ ಆ 2.6ರ ಮೇಲೆಯೇ ನಿಂತುಬಿಟ್ಟಿತು. ಅದನ್ನು ಬಿಡಿಸುತ್ತಾ ಹೋದ ಹಾಗೆ ಒಳಗಿನಿಂದ ಒಂದೊಂದೇ ಬೆರಗು ಹೊರಬರತೊಡಗಿತು.

ಮೊದಲು ಪ್ರಶ್ನೆಯನ್ನೇ ನೋಡಿ, ಎಂಥ ವಿಚಿತ್ರ ಪ್ರಶ್ನೆ! ಬಿತ್ತಿದ ಮೋಡದಿಂದ ಎಷ್ಟು ಮಳೆ ಬಿತ್ತು ಎಂದು ಹೇಗೋ ಅಳೆಯಬಹುದು. ಬಿತ್ತದೇ ಇದ್ದಿದ್ದರೆ ಅದೇ ಮೋಡ ಎಷ್ಟು ಸುರಿಸುತ್ತಿತ್ತು? ಅದನ್ನು ಯಾವ ಡಬ್ಬಿಯಲ್ಲಿ ಹಿಡಿದು ಅಳೆಯುವುದು? ಆ ಮಳೆ ಲೋಕದಲ್ಲಿ ಬೀಳಲೇ ಇಲ್ಲವಲ್ಲ! ನಮ್ಮ ಸೀಮೆಯ ಮಳೆಯ ಸ್ವಭಾವ ನಿಮಗೆ ಗೊತ್ತೇ ಇದೆ. ಒಂದು ಎರಿ ಹೊಲದಲ್ಲಿ ಬದು ಒಡೆಯುವಷ್ಟು ನೀರು, ದಾರಿ ದಾಟಿದರೆ ತೊಗರಿಯ ಎಲೆಯೂ ನೆನೆದಿರುವುದಿಲ್ಲ. ಇಂಥ ಮಳೆಯಲ್ಲಿ ಶೇ 18 ಹೆಚ್ಚಾಯಿತು ಎಂದರೆ ಅದು ಬಿತ್ತನೆಯ ಫಲವೋ, ಮೋಡದ ಮರ್ಜಿಯೋ?

ವಿಜ್ಞಾನಿಗಳ ಉತ್ತರ ಕೇಳಿ ನಾನು ದಂಗಾದೆ. ಯಾವ ಮೋಡಕ್ಕೆ ಬಿತ್ತಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯನ್ನು ಅವರು ತಮ್ಮ ಕೈಯಲ್ಲಿ ಇಟ್ಟುಕೊಳ್ಳಲೇ ಇಲ್ಲ. ಅದನ್ನು ಯಾದೃಚ್ಛಿಕವಾಗಿ, ಅಂದರೆ ಯಾರ ಇಷ್ಟಾನಿಷ್ಟಕ್ಕೂ ಸಿಗದ ಹಾಗೆ, ನಿರ್ಧರಿಸುವ ಪದ್ಧತಿ ಇಟ್ಟುಕೊಂಡರು. ಏಕೆ? ಅನುಭವಸ್ಥ ಪೈಲಟ್ ಆದರೂ, ವಿಜ್ಞಾನಿ ಆದರೂ, ಆರಿಸಲು ಬಿಟ್ಟರೆ ಕಪ್ಪಗೆ ಕಟ್ಟಿದ, ಇನ್ನೇನು ಸುರಿಯಲಿರುವ ಮೋಡಕ್ಕೇ ಕೈ ಹಾಕುತ್ತಾರೆ. ಹಾಗಾದರೆ ಬಿತ್ತಿದ ಗುಂಪಿನಲ್ಲಿ ಒಳ್ಳೆಯ ಮೋಡಗಳೇ ತುಂಬಿಕೊಂಡು, ಬಿತ್ತನೆ ಮಾಡಿದರೂ ಮಾಡದಿದ್ದರೂ ಆ ಗುಂಪೇ ಗೆಲ್ಲುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಉಪಕರಣ ಕೆಟ್ಟಿಲ್ಲ, ಆದರೂ ಲೆಕ್ಕ ತಪ್ಪು! ಆಯ್ಕೆಯನ್ನು ಕೈಯಿಂದ ಬಿಟ್ಟಾಗ ಒಳ್ಳೆಯ ಮೋಡ, ಕೆಟ್ಟ ಮೋಡ ಎರಡೂ ಗುಂಪುಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಮುಟ್ಟದೆ ಬಿಟ್ಟ ಮೋಡಗಳು, ಬೀಳದೇ ಹೋದ ಆ ಮಳೆಯ ಪರವಾಗಿ ಸಾಕ್ಷಿ ಹೇಳುತ್ತವೆ.

ಕರ್ನಾಟಕದಲ್ಲಿ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ಮೋಡ ಬಿತ್ತನೆ ನಡೆದದ್ದು ನೆನಪಿರಬಹುದು. ಅವು ಬರಕ್ಕೆ ಪರಿಹಾರವಾಗಿ ನಡೆದ ಕಾರ್ಯಾಚರಣೆಗಳು. ಬಂದ ಮಳೆಯಲ್ಲಿ ಬಿತ್ತನೆಯ ಪಾಲೆಷ್ಟು, ಪ್ರಕೃತಿಯ ಪಾಲೆಷ್ಟು ಎಂಬ ಜಗಳ ಅವುಗಳ ಬೆನ್ನಿಗೇ ಇತ್ತು. ಸೊಲ್ಲಾಪುರದ ಹೆಚ್ಚುಗಾರಿಕೆ ಇರುವುದು ಬಿತ್ತಿದ್ದರಲ್ಲಿ ಅಲ್ಲ, ಬಿತ್ತದೆ ಬಿಟ್ಟದ್ದರಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೋಡದಿಂದ ಮೋಡಕ್ಕೆ ಹೀಗೆ ಏರುಪೇರಾಗುವ, ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಎಳೆಯುವ ದೋಷಕ್ಕೆ ಯಾದೃಚ್ಛಿಕ ದೋಷ ಎನ್ನುತ್ತಾರೆ. ಅದಕ್ಕೆ ಒಂದು ಮದ್ದಿದೆ: ಎಣಿಕೆ. ಮತ್ತೆ ಮತ್ತೆ ಅಳೆದರೆ ಮೇಲಿನದೂ ಕೆಳಗಿನದೂ ಒಂದನ್ನೊಂದು ತಿಂದುಹಾಕುತ್ತವೆ. ಆದರೆ ಎಷ್ಟು ನಿಧಾನವಾಗಿ ಗೊತ್ತೇ? ನೂರು ಸಲ ಅಳೆದರೆ ಸರಾಸರಿಯ ದೋಷ ನೂರನೇ ಒಂದಕ್ಕೆ ಇಳಿಯುವುದಿಲ್ಲ, ಹತ್ತನೇ ಒಂದಕ್ಕೆ ಮಾತ್ರ ಇಳಿಯುತ್ತದೆ. ಅದನ್ನು ಅರ್ಧ ಮಾಡಬೇಕೆಂದರೆ ಮೋಡಗಳ ಸಂಖ್ಯೆ ನಾಲ್ಕು ಪಟ್ಟಾಗಬೇಕು! ಎರಡು ಮಳೆಗಾಲ ವಿಮಾನ ಹಾರಿಸಿದ್ದರ ಕಾರಣ ಇಲ್ಲಿದೆ. ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ. ಕೆಲವು ನಿರ್ದಿಷ್ಟ ಜಾಗಗಳಲ್ಲಿ ಮಳೆ ಶೇ 46ರಷ್ಟು ಹೆಚ್ಚಿತ್ತು. 46! ಕೇಳಿದವರು ಕುಣಿಯಬೇಕು. ಆದರೆ ಅದರ ಬಾಲ ನೋಡಿ, ಹೆಚ್ಚು ಕಡಿಮೆ 13. ದೊಡ್ಡ ಅಂಕಿಗೆ ದೊಡ್ಡ ಅಳುಕು. ಇಡೀ 100 ಚದರ ಕಿಲೋಮೀಟರ್ ಸೇರಿಸಿ ನೋಡಿದಾಗ ಅಂಕಿ 18ಕ್ಕೆ ಇಳಿಯಿತು, ಅಳುಕು 2.6ಕ್ಕೆ ಕುಗ್ಗಿತು. ನನಗಂತೂ 46ಕ್ಕಿಂತ ಆ 18 ಹೆಚ್ಚು ಗಟ್ಟಿ ಅನ್ನಿಸುತ್ತದೆ.

ಈಗ ನೆಲಕ್ಕೆ ಇಳಿಯೋಣ. ಮಳೆ ಅಳೆಯುವುದು ಎಂದರೆ ಏನು? ಸರಕಾರಿ ಮಳೆಮಾಪಕದ ಬಾಯಿಯ ವಿಸ್ತೀರ್ಣ ಸಾಮಾನ್ಯವಾಗಿ 200 ಚದರ ಸೆಂಟಿಮೀಟರ್. ಅಂಗೈ ಅಗಲಿಸಿದರೆ ಹೆಚ್ಚುಕಡಿಮೆ ಮುಚ್ಚಿಹೋಗುವಷ್ಟು ಬಾಯಿ. ಅದು 100 ಚದರ ಕಿಲೋಮೀಟರ್ ನೆಲದ ಪರವಾಗಿ ಮಾತಾಡಬೇಕು. ಲೆಕ್ಕ ಹಾಕಿ ನೋಡಿ: 500 ಕೋಟಿ ಪಾಲಿನಲ್ಲಿ ಒಂದು ಪಾಲು! ಅಷ್ಟು ನೆಲದ ಮೇಲೆ ಬರೀ 1 ಮಿಲಿಮೀಟರ್ ಮಳೆ ಬಿದ್ದರೆ 10 ಕೋಟಿ ಲೀಟರ್ ನೀರು. ಮಾಪಕದ ಒಳಗೆ ಬಂದದ್ದು 20 ಮಿಲಿಲೀಟರ್, ಎರಡು ಗುಟುಕಿಗೂ ಸಾಲದು. ಆ ಗುಟುಕಿನಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೆ ನೆಲದ ಲೆಕ್ಕದಲ್ಲಿ ಲಕ್ಷಗಟ್ಟಲೆ ಲೀಟರ್ ಅತ್ತಿತ್ತ.

ಇಲ್ಲಿ ತಲೆ ಎತ್ತುವ ದೋಷಗಳೇ ಬೇರೆ ಜಾತಿಯವು. ಗಾಳಿ ಜೋರಾಗಿದ್ದರೆ ಹನಿಗಳು ಮಾಪಕದ ಬಾಯಿಯ ಮೇಲೆ ಓರೆಯಾಗಿ ಹಾರಿಹೋಗುತ್ತವೆ, ಒಳಗೆ ಬೀಳುವುದು ಕಡಿಮೆ. ಪಾತ್ರೆಯ ಗೋಡೆಗೆ ಅಂಟಿದ ತೇವ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಬಿದ್ದದ್ದರಲ್ಲಿ ಒಂದಿಷ್ಟು, ಬೆಳಿಗ್ಗೆ 8.30ಕ್ಕೆ ಅಳೆಯುವಷ್ಟರಲ್ಲಿ ಆರಿಹೋಗಿರುತ್ತದೆ. ತಾನೇ ಎಣಿಸುವ ಸ್ವಯಂಚಾಲಿತ ಮಾಪಕದಲ್ಲಿ ಪುಟ್ಟ ತೊಟ್ಟಿಯೊಂದು ತುಂಬಿ ಉರುಳಿದಾಗ ಒಂದು ಎಣಿಕೆ. ಮಳೆ ಧೋ ಎಂದು ಸುರಿಯುವಾಗ, ತೊಟ್ಟಿ ಉರುಳುವ ಆ ಚಣದಲ್ಲಿ ಬಂದ ನೀರು ಎಣಿಕೆ ತಪ್ಪಿಸಿಕೊಳ್ಳುತ್ತದೆ. ಗಮನಿಸಿದಿರಾ? ಇವೆಲ್ಲವೂ ಒಂದೇ ದಿಕ್ಕಿಗೆ ಎಳೆಯುತ್ತಿವೆ, ಕಡಿಮೆಯ ಕಡೆಗೆ. ಇದು ವ್ಯವಸ್ಥಿತ ದೋಷ. ಇದರ ಮುಂದೆ ಎಣಿಕೆಯ ಮದ್ದು ನಡೆಯುವುದಿಲ್ಲ. ಸಾವಿರ ಸಲ ಅಳೆದರೂ ಸಾವಿರ ಸಲವೂ ಅಷ್ಟೇ ಕಡಿಮೆ ಬರುತ್ತದೆ. ಎಲ್ಲ ಅಳತೆಗಳೂ ಒಂದಕ್ಕೊಂದು ಚೆನ್ನಾಗಿ ತಾಳೆಯಾಗುತ್ತವೆ, ಎಲ್ಲವೂ ತಪ್ಪಾಗಿರುತ್ತವೆ. ಆ ತಾಳೆಯೇ ನಮ್ಮನ್ನು ನಂಬಿಸಿ ಮೋಸ ಮಾಡುತ್ತದೆ!

ಮೂರನೆಯ ಬಗೆಯ ದೋಷ ಶುದ್ಧ ಕೈತಪ್ಪು. ಮಾಪಕಗಳಲ್ಲಿ 100 ಚದರ ಸೆಂಟಿಮೀಟರ್ ಬಾಯಿಯದೂ ಉಂಟು, 200ರದೂ ಉಂಟು. ಪ್ರತಿಯೊಂದಕ್ಕೂ ಅದರದೇ ಅಳತೆಯ ಗಾಜು. 200ರ ಮಾಪಕದ ನೀರನ್ನು 100ರ ಗಾಜಿನಲ್ಲಿ ಅಳೆದರೆ 30 ಮಿಲಿಮೀಟರ್ ಮಳೆ ಕಾಗದದ ಮೇಲೆ 60 ಆಗಿಬಿಡುತ್ತದೆ.

ಇದು ಬರೀ ಪ್ರಯೋಗಶಾಲೆಯ ಮಾತಲ್ಲ. ಮಹಾರಾಷ್ಟ್ರದಲ್ಲಿ ಒಂದು ಕಂದಾಯ ಮಂಡಳದಲ್ಲಿ 24 ಗಂಟೆಯಲ್ಲಿ 65 ಮಿಲಿಮೀಟರ್ ದಾಟಿದ ಮಳೆಯನ್ನು ಅತಿವೃಷ್ಟಿ ಎಂದು ಲೆಕ್ಕ ಹಿಡಿಯುತ್ತಾರೆ. ನಿಜವಾಗಿ ಬಿದ್ದದ್ದು 67 ಎಂದುಕೊಳ್ಳಿ. ಗಾಳಿಯಿಂದ ಶೇ 5ರಷ್ಟು ಮಾಪಕಕ್ಕೆ ತಪ್ಪಿದರೆ ಅಂಕಿ 63.65ಕ್ಕೆ ನಿಲ್ಲುತ್ತದೆ. ಹೊಲದಲ್ಲಿ ನಿಂತ ನೀರು ಅದೇ, ಕೊಳೆತ ಉದ್ದೂ ಅದೇ. ಕಾಗದದ ಮೇಲೆ ಗೆರೆಯ ಈಚೆಗೆ! ಬೆಳೆಹಾನಿಯ ಪಂಚನಾಮೆಗೆ ಕಾದು ಕೂತ ರೈತನಿಗೆ ವ್ಯವಸ್ಥಿತ ದೋಷ ಎಂದರೇನು ಎಂದು ಪಾಠ ಹೇಳಬೇಕಾಗಿಲ್ಲ.

ಇನ್ನು ರಡಾರ್. ಇಡೀ ಪ್ರಯೋಗದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಇದೇ. ನೆಲದ ಮಾಪಕಗಳು ಚುಕ್ಕೆ ಚುಕ್ಕೆಯಾಗಿ ಅಳೆಯುತ್ತವೆ, ರಡಾರ್ ಇಡೀ ಮುಗಿಲನ್ನು ಒಮ್ಮೆಗೇ ನೋಡುತ್ತದೆ. ಆದರೆ ಅದು ನೀರನ್ನು ನೋಡುವುದಿಲ್ಲ, ಹನಿಗಳಿಂದ ಮರಳಿ ಬರುವ ಅಲೆಯನ್ನು ನೋಡುತ್ತದೆ. ಆ ಅಲೆಯ ಬಲ ಹನಿಯ ವ್ಯಾಸದ ಆರನೇ ಘಾತಕ್ಕೆ ಹೊಂದಿ ಏರುತ್ತದೆ. ಹನಿಯ ವ್ಯಾಸ ಎರಡು ಪಟ್ಟಾದರೆ ಅದರಲ್ಲಿರುವ ನೀರು 8 ಪಟ್ಟಾಗುತ್ತದೆ, ರಡಾರಿಗೆ ಕಾಣುವ ಹೊಳಪು 64 ಪಟ್ಟು! ಈಗ ಬಿತ್ತನೆಯ ಕೆಲಸ ಏನೆಂದು ನೆನೆಸಿಕೊಳ್ಳಿ. ಮೋಡದ ಹನಿ ತೀರ ಸಣ್ಣದು, ಮಳೆಯ ಒಂದು ಹನಿ ಆಗಬೇಕಾದರೆ ಸುಮಾರು 10 ಲಕ್ಷ ಮೋಡದ ಹನಿಗಳು ಕೂಡಬೇಕು. ಸಣ್ಣ ಹನಿಗಳು ತುಂಬಿದ ಮೋಡದಲ್ಲಿ ಅವು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡುವುದೇ ಕಷ್ಟ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಕಣಗಳ ಸುತ್ತ ದಪ್ಪ ಹನಿಗಳು ಮೊದಲು ಹುಟ್ಟಿ, ದಾರಿಯಲ್ಲಿ ಸಿಕ್ಕ ಸಣ್ಣವನ್ನು ನುಂಗುತ್ತಾ ಇಳಿಯುತ್ತವೆ. ಅಂದರೆ ಬಿತ್ತನೆ ಹನಿಗಳ ಗಾತ್ರವನ್ನೇ ಬದಲಿಸುತ್ತದೆ. ಗಾತ್ರ ಬದಲಾದರೆ ರಡಾರಿನ ಅಂದಾಜೂ ಅಲ್ಲಾಡುತ್ತದೆ. ಯಾವುದನ್ನು ಅಳೆಯಬೇಕೋ ಅದು ಅಳೆಯುವ ಕಣ್ಣನ್ನೇ ಮುಟ್ಟುತ್ತಿದೆ! ನೆಲದ ತುಂಬ ಸ್ವಯಂಚಾಲಿತ ಮಾಪಕಗಳ ಜಾಲ ಹರಡಿ, ಮೋಡದೊಳಕ್ಕೆ ವಿಮಾನ ನುಗ್ಗಿಸಿ, ರಡಾರ್ ಹೇಳಿದ್ದನ್ನು ಇನ್ನೆರಡು ಬಾಯಿಗಳಿಂದ ಕೇಳುವುದು ಏಕೆ ಅಷ್ಟು ಅಗತ್ಯ ಎಂಬುದು ಆಗ ನನಗೆ ಹೊಳೆಯಿತು. ಒಂದೊಂದು ಉಪಕರಣದ ವ್ಯವಸ್ಥಿತ ದೋಷವೂ ಬೇರೆ ಬೇರೆ ದಿಕ್ಕಿನದು. ಮೂರೂ ಒಂದೇ ಮಾತು ಹೇಳಿದರೆ ಅದಕ್ಕೆ ತೂಕ.

ಒಂದೇ ಕಣ್ಣಿದ್ದಾಗ ಏನಾಗುತ್ತದೆ? ಅದಕ್ಕೂ ನಮ್ಮ ಸೀಮೆಯಲ್ಲೇ ಒಂದು ಅದ್ಭುತ ಕಥೆ ಇದೆ. ಹನ್ನೂರದಿಂದ ದಕ್ಷಿಣಕ್ಕೆ ಭೀಮೆ ದಾಟಿದರೆ ವಿಜಯಪುರ, ಇನ್ನೂ ಮುಂದೆ ಕೃಷ್ಣೆ ದಾಟಿದರೆ ಜಮಖಂಡಿ. 1868ರ ಆಗಸ್ಟ್ 18ರಂದು ಈ ನೆಲದ ಮೇಲೆ ಖಗ್ರಾಸ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಜಮಖಂಡಿಯಲ್ಲಿ ದೂರದರ್ಶಕಕ್ಕೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಜೋಡಿಸಿಕೊಂಡು ಕಾದಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷಲ್. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷಲನ ಮೊಮ್ಮಗ! ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್, ಅತ್ತ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್. ಆಗಸ್ಟ್ ತಿಂಗಳು, ಮೋಡಗಳು ಬಂದು ಅಡ್ಡ ನಿಲ್ಲುತ್ತಿದ್ದವು. ಸೂರ್ಯ ಪೂರ್ತಿ ಮುಚ್ಚಿಹೋಗುವ ಆ ಕೆಲವೇ ನಿಮಿಷಗಳಲ್ಲಿ ಹರ್ಷಲ್ ಸೂರ್ಯನ ಅಂಚಿನ ಜ್ವಾಲೆಯ ಬೆಳಕನ್ನು ಬಿಡಿಸಿ ನೋಡಿದ. ಮೂರು ಗೆರೆ: ಕೆಂಪು, ಕಿತ್ತಳೆ, ನೀಲಿ.

ಕಿತ್ತಳೆ ಛಾಯೆಯ ಆ ಹಳದಿ ಗೆರೆ ಯಾವ ಧಾತುವಿನದು? ಆ ಜಾಗದಲ್ಲಿ ಎಲ್ಲರಿಗೂ ಗೊತ್ತಿದ್ದ ಗೆರೆ ಒಂದೇ, ಸೋಡಿಯಂನದು, ನಮ್ಮ ಅಡುಗೆ ಉಪ್ಪಿನಲ್ಲಿರುವ ಸೋಡಿಯಂ. ಹರ್ಷಲ್ ತನ್ನ ಗೆರೆಯನ್ನು ಸೋಡಿಯಂ ಗೆರೆಯೇ ಎಂದು ತೀರ್ಮಾನಿಸಿದ. ಆದರೆ ವರದಿಯಲ್ಲಿ ಒಂದು ಷರತ್ತನ್ನೂ ಸೇರಿಸಿದ: ಎರಡೂ ಒಂದೇ ಎಂದು ಹೇಳುವ ಶಕ್ತಿ ಈ ಉಪಕರಣಕ್ಕೆ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ. ಆ ಷರತ್ತು ಓದಿ ನನ್ನ ಮೈ ಜುಮ್ಮೆಂದಿತು. ಏಕೆಂದರೆ ಸೋಡಿಯಂ ಗೆರೆಗಳು ಇರುವುದು 589.0 ಮತ್ತು 589.6 ನ್ಯಾನೋಮೀಟರ್‌ನಲ್ಲಿ. ಆತ ನೋಡುತ್ತಿದ್ದ ಗೆರೆ ಇದ್ದದ್ದು 587.6ರಲ್ಲಿ! ಕತ್ತಲಲ್ಲಿ ದೂರದಿಂದ ಬರುವ ಗಾಡಿಯ ಎರಡು ದೀಪ ಒಂದೇ ಆಗಿ ಕಾಣುವ ಹಾಗೆ, ಎರಡು ಬೇರೆ ಬೇರೆ ಬೆಳಕು ಆ ಉಪಕರಣದ ಕಣ್ಣಿಗೆ ಒಂದೇ ಜಾಗದಲ್ಲಿ ಬಿದ್ದವು. ಸುಮಾರು ಒಂದೂವರೆ ನ್ಯಾನೋಮೀಟರ್ ಆ ಸಂದಿಯಲ್ಲಿ, ಮನುಷ್ಯರಾರೂ ಅದುವರೆಗೆ ಕಾಣದ ಒಂದು ಧಾತು ಅಡಗಿ ಕೂತಿತ್ತು. ಅದೇ ಹೀಲಿಯಂ!

ಅದೇ ವರ್ಷ ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ವಿಜ್ಞಾನಿ ನಾರ್ಮನ್ ಲಾಕಿಯರ್, ಗ್ರಹಣವಿಲ್ಲದ ಸೂರ್ಯನ ಅಂಚಿನಲ್ಲೇ ಆ ಗೆರೆಯನ್ನು ಹಿಡಿದು, ಅದು ಸೋಡಿಯಂ ಜಾಗದಿಂದ ಸರಿದು ನಿಂತಿದೆ ಎಂದು ಕಂಡ. ಜಮಖಂಡಿಯ ಹರ್ಷಲ್ ದಡ್ಡನೂ ಅಲ್ಲ, ಉದಾಸೀನನೂ ಅಲ್ಲ. ಕೈಯಲ್ಲಿದ್ದದ್ದು ಕೆಲವೇ ನಿಮಿಷ, ಒಂದೇ ಉಪಕರಣ, ಮೇಲಿಂದ ಮೋಡ. ಅಷ್ಟರಲ್ಲೂ ತನ್ನ ಉಪಕರಣದ ಮಿತಿಯನ್ನು ಮರೆಮಾಚದೆ ಬರೆದಿಟ್ಟನಲ್ಲ, ಅದಕ್ಕಾಗಿ ನಾನು ಅವನಿಗೆ ಕೈ ಮುಗಿಯುತ್ತೇನೆ. ಆ ಒಂದು ಷರತ್ತು ಹೊಸ ಧಾತುವಿಗೆ ಬಾಗಿಲು ಮುಚ್ಚದೆ ಬಿಟ್ಟಿತು.

ಆಮೇಲಿನದು ಇನ್ನೂ ಸ್ವಾರಸ್ಯ. ಹೀಲಿಯಂ ಭೂಮಿಯ ಮೇಲೆ ಸಿಕ್ಕಿದ್ದು 1895ರಲ್ಲಿ, ಅದೂ ಇನ್ನೊಂದು ಅಳತೆಯ ಗೊಂದಲದ ದೆಸೆಯಿಂದ. ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲಿ ನೈಟ್ರೋಜನ್ ತೂಗುತ್ತಿದ್ದ. ಗಾಳಿಯಿಂದ ತೆಗೆದದ್ದು ಅವನ ಗಾಜಿನ ಬುರುಡೆಯಲ್ಲಿ ಸುಮಾರು 2.310 ಗ್ರಾಂ ತೂಗಿತು, ರಾಸಾಯನಿಕಗಳಿಂದ ತಯಾರಿಸಿದ್ದು ಸುಮಾರು 2.299. ವ್ಯತ್ಯಾಸ ಶೇ ಅರ್ಧ! ಬೇರೆಯವರಾಗಿದ್ದರೆ ಸರಾಸರಿ ತೆಗೆದು ಮುಂದೆ ಹೋಗುತ್ತಿದ್ದರೇನೋ. ರೇಲಿ ಬಿಡಲಿಲ್ಲ. ಮತ್ತೆ ಮತ್ತೆ ತೂಗಿದರೂ ವ್ಯತ್ಯಾಸ ಒಂದೇ ದಿಕ್ಕಿನಲ್ಲಿ ಹಟ ಹಿಡಿದು ಕೂತಿತ್ತು. ಅದು ದೋಷವೇ ಆಗಿರಲಿಲ್ಲ, ಗಾಳಿಯೊಳಗೆ ಅವಿತಿದ್ದ ಆರ್ಗಾನ್! 1894ರಲ್ಲಿ ಅವನೂ ವಿಲಿಯಂ ರಾಮ್ಸೆಯೂ ಅದನ್ನು ಹೊರಗೆಳೆದರು. ಮರುವರ್ಷ ಇನ್ನಷ್ಟು ಆರ್ಗಾನ್ ಹುಡುಕುತ್ತಾ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಿಂದ ಅನಿಲ ತೆಗೆದು ಬೆಳಕು ಬಿಡಿಸಿ ನೋಡಿದರೆ, 587.6ರ ಆ ಹಳದಿ ಗೆರೆ! ಜಮಖಂಡಿಯ ಆಕಾಶದಲ್ಲಿ ಕಂಡದ್ದು 27 ವರ್ಷದ ಮೇಲೆ ಕೈಗೆ ಬಂತು.

ಮತ್ತೆ ಸೊಲ್ಲಾಪುರಕ್ಕೆ ಬರುತ್ತೇನೆ. 18, ಹೆಚ್ಚು ಕಡಿಮೆ 2.6: ಅಂದರೆ ನಿಜವಾದ ಅಂಕಿ 15.4ರಿಂದ 20.6ರ ಸುತ್ತಮುತ್ತ ಇರಬಹುದು ಎಂಬ ಒಪ್ಪಿಗೆ. ಬಾಲದ ಒಳಗೆ ಸೊನ್ನೆ ಬರುವುದಿಲ್ಲ, ಅದು ದೊಡ್ಡ ಸಂಗತಿ. ಅದರ ಹೊರಗೆ ಉಳಿಯುವುದನ್ನೂ ಮರೆಯಬಾರದು. ಇದು ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಒಂದು ಸೀಮೆಯ, ಎರಡು ಮಳೆಗಾಲದ, ಬಿತ್ತನೆಗೆ ತಕ್ಕುದೆಂದು ಆರಿಸಿದ ಮೋಡಗಳ ಫಲಿತಾಂಶ. ಮೋಡವೇ ಇಲ್ಲದ ದಿನ ವಿಮಾನ ಏನೂ ಮಾಡಲಾರದು, ಸೊನ್ನೆಗೆ ಶೇ 18 ಸೇರಿಸಿದರೂ ಸೊನ್ನೆಯೇ. ಬರ ಬಂದಾಗ ಮೋಡ ಬಿತ್ತನೆಯ ಭರವಸೆ ಕೊಡುವವರು ಯಾರೇ ಇರಲಿ, ಬಾಲ ಎಷ್ಟು ಎಂದು ಕೇಳುವ ಹಕ್ಕು ನಮಗಿದೆ.

ಅಕ್ಕಲಕೋಟ ತಾಲೂಕಿನ ಮತ್ತು ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡೂ ಬದಿಯ ಕನ್ನಡ ಶಾಲೆಗಳ ಗುರುಗಳಲ್ಲಿ ನನ್ನದೊಂದು ಕಳಕಳಿಯ ವಿನಂತಿ. ನೆಟ್ಟಗಿನ ಗೋಡೆಯ, ಚಪ್ಪಟೆ ತಳದ ಎರಡು ಒಂದೇ ತರಹದ ಡಬ್ಬಿ ತಂದು ಶಾಲೆಯ ಬಯಲಿನಲ್ಲಿ ಅಕ್ಕಪಕ್ಕ ಇಡಿಸಿ. ಗಿಡ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇರಲಿ. ಬೆಳಿಗ್ಗೆ 8.30ಕ್ಕೆ ಇಬ್ಬರು ಮಕ್ಕಳು, ಒಬ್ಬರಿಗೊಬ್ಬರು ಹೇಳದೆ, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಮಿಲಿಮೀಟರ್ ಪಟ್ಟಿಯಿಂದ ಅಳೆಯಲಿ. ಮೇಲಿನಿಂದ ಓರೆಯಾಗಿ ನೋಡಿದರೆ ಪ್ಯಾರಲಾಕ್ಸ್ ದೋಷ ನುಸುಳುತ್ತದೆ ಎಂಬುದನ್ನು ಅವರೇ ಮಾಡಿ ನೋಡಲಿ. ಎರಡು ಡಬ್ಬಿ, ಇಬ್ಬರು ಮಕ್ಕಳು, ನಾಲ್ಕು ಅಂಕಿ. ನಾಲ್ಕೂ ಬೇರೆ ಬೇರೆ ಬಂದರೆ ನಾಲ್ಕನ್ನೂ ಬರೆದಿಡಿ, ತಿದ್ದಿ ಒಂದು ಮಾಡಬೇಡಿ. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ. ತಪ್ಪಾಗಿದ್ದರೆ ಅಳಿಸದೆ ಒಂದು ಗೆರೆ ಎಳೆದು ಕಾರಣ ಬರೆಯಿರಿ. ಹಾಳೆಯ ಮೇಲ್ತುದಿಗೆ ಡಬ್ಬಿಯ ಅಳತೆ, ಇಟ್ಟ ಜಾಗ, ಪಟ್ಟಿಯ ಅತಿ ಸಣ್ಣ ಗೆರೆ ಎಷ್ಟರದು ಎಂಬುದಿರಲಿ. ಮಿರಗದ ಮಳೆ ಜೂನ್ ಮೊದಲ ವಾರ ಮುಗಿಯುವಷ್ಟರಲ್ಲಿ ಕೂಡುತ್ತದೆ, ಅದಕ್ಕೆ ಮುಂಚೆಯೇ ಡಬ್ಬಿ ಇಟ್ಟುಬಿಡಿ.